ಅರಗಿಸುವ ಕೂಲಿ

ಆ ಹುಡುಗ ಇಡ್ಲಿ ತಿಂದು ಬಂದಿದ್ದ. ಅದನ್ನು ಅವನು ಹೇಳಲಿಲ್ಲ, ಯಂತ್ರ ಹೇಳಿತು.

1980ರ ದಶಕದ ಮಾತು. ವೈದ್ಯಕೀಯ ಕಾಲೇಜೊಂದರ ಶರೀರಕ್ರಿಯಾ ವಿಭಾಗದಲ್ಲಿ ನಾನು ಪ್ರಾಯೋಗಿಕ ತರಗತಿ ತೆಗೆದುಕೊಳ್ಳುತ್ತಿದ್ದೆ. ಮೊದಲ ವರ್ಷದವರಿಗೆ ಬೆನೆಡಿಕ್ಟ್–ರಾತ್ ಯಂತ್ರದ ಪಾಠ ಇರುತ್ತಿತ್ತು. ನೀರಿನ ತೊಟ್ಟಿಯಲ್ಲಿ ಬೋರಲು ಹಾಕಿದ ಲೋಹದ ಗಂಟೆ, ಅದರೊಳಗೆ ಆಕ್ಸಿಜನ್. ವಿದ್ಯಾರ್ಥಿ ಮಂಚದ ಮೇಲೆ ಅಂಗಾತ ಮಲಗಬೇಕು. ಮೂಗಿಗೆ ಕ್ಲಿಪ್ಪು, ಬಾಯಿಗೆ ರಬ್ಬರಿನ ಕೊಳವೆ. ಬಿಟ್ಟ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಸೋಡಾ ಲೈಮ್ ಹೀರಿಕೊಳ್ಳುತ್ತದೆ. ಹಾಗಾಗಿ ಮೈ ಎಷ್ಟು ಆಕ್ಸಿಜನ್ ಉರಿಸಿತೋ ಅಷ್ಟು ಗಂಟೆ ಇಳಿಯುತ್ತಾ ಹೋಗುತ್ತದೆ. ಅದಕ್ಕೆ ಕಟ್ಟಿದ ಲೇಖನಿಯೊಂದು, ತಿರುಗುವ ಉರುಳೆಗೆ ಸುತ್ತಿದ ಕಾಗದದ ಮೇಲೆ ಉಸಿರಿನ ಹಲ್ಲುಹಲ್ಲು ಗುರುತು ಹಾಕುತ್ತಾ ಓರೆಯಾಗಿ ಸಾಗುತ್ತದೆ. ಗೆರೆ ಕಡಿದಾದಷ್ಟೂ ಒಳಗಿನ ಉರಿ ಹೆಚ್ಚು.

ಹಿಂದಿನ ರಾತ್ರಿಯಿಂದ ಹನ್ನೆರಡು ಗಂಟೆ ಏನನ್ನೂ ತಿನ್ನದೆ ಬರಬೇಕು ಎನ್ನುವುದು ನಿಯಮ. ಅವನ ಗೆರೆ ಜೊತೆಯವರದಕ್ಕಿಂತ ಎದ್ದು ಕಾಣುವಷ್ಟು ಕಡಿದಾಗಿತ್ತು. ಜ್ವರವಿಲ್ಲ, ಗಾಬರಿಯಿಲ್ಲ, ನಾಡಿ ಸರಿಯಾಗಿದೆ. ‘ಏನಪ್ಪ ತಿಂದೆ?’ ಎಂದು ಕೇಳಿದೆ. ತಲೆ ತಗ್ಗಿಸಿ, ‘ನಾಲ್ಕು ಇಡ್ಲಿ, ಮೇಡಂ’ ಎಂದ. ಬೈಯಲು ನನಗೆ ಮನಸ್ಸು ಬರಲಿಲ್ಲ. ಮುಂದಿನ ವಾರ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿ, ಅದೇ ಕಾಗದದ ಮೇಲೆ ಅದೇ ಮೂಲೆಯಿಂದ ಎರಡನೆಯ ಗೆರೆ ಎಳೆಸಿದೆ. ಹಸಿದಾಗ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಕ್ಸಿಜನ್, ಇಡ್ಲಿಯ ಮೇಲೆ ಸುಮಾರು 290. ನಡುವಿನ ನಲವತ್ತು ಮಿಲಿಲೀಟರ್ ಇಡ್ಲಿಯನ್ನು ಅರಗಿಸಲು ಮೈ ತೆತ್ತ ಕೂಲಿ. ಒಂದು ಲೀಟರ್ ಆಕ್ಸಿಜನ್ ಉರಿದರೆ ಸುಮಾರು 4.8 ಕಿಲೊಕ್ಯಾಲೊರಿ. ಎರಡೂವರೆ ತಾಸು ಹೀಗೇ ನಡೆದರೂ ಕೂಲಿ ಮೂವತ್ತು ಕಿಲೊಕ್ಯಾಲೊರಿ ದಾಟುವುದಿಲ್ಲ. ನಾಲ್ಕು ಇಡ್ಲಿ ಕೊಟ್ಟದ್ದು ಇನ್ನೂರಕ್ಕೂ ಮೇಲೆ.

ಆ ಕಾಗದವನ್ನು ಮತ್ತೆ ಹುಡುಕಿ ತೆಗೆದದ್ದು ನನ್ನ ತಂಗಿಯ ಮಗಳಿಗಾಗಿ. ಡಿಗ್ರಿ ಓದುತ್ತಿರುವ ಹುಡುಗಿ. ಮೂರು ವಾರ ಸೌತೆಕಾಯಿ, ಎಲೆಕೋಸಿನ ನೀರುಸಾರು, ಅಂಗಡಿಯಿಂದ ತಂದ ಸೆಲರಿ ದಂಟು ಇಷ್ಟನ್ನೇ ತಿಂದು, ಒಂದು ಸಂಜೆ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಬಿದ್ದಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಮಲಗಿದ್ದಲ್ಲಿಂದಲೇ ನನಗೆ ವಿವರಿಸಿದಳು: ‘ದೊಡ್ಡಮ್ಮ, ಇವನ್ನ ಅರಗಿಸೋಕೆ ಬೇಕಾದ ಶಕ್ತಿ ಇವುಗಳಲ್ಲಿ ಇರೋದಕ್ಕಿಂತ ಜಾಸ್ತಿಯಂತೆ. ತಿಂದಷ್ಟೂ ಕರಗ್ತಾ ಹೋಗ್ತೀವಂತೆ.’

ಈ ನಂಬಿಕೆಗೆ ತಲೆಬುಡ ಇಲ್ಲವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಆಗಲಿಲ್ಲ. ಅರಗಿಸುವುದಕ್ಕೆ ಕೂಲಿ ಇದೆ ಎನ್ನುವುದು ನಿಜ. ಅದು ಎಷ್ಟು ಎಂಬುದನ್ನು ತಿಳಿಯಲು ಮನುಷ್ಯರು ನಾನೂರು ವರ್ಷ ತಕ್ಕಡಿ ಹಿಡಿದು ಕುಳಿತಿದ್ದಾರೆ.

ತಕ್ಕಡಿ ಎಂದದ್ದು ಅಲಂಕಾರಕ್ಕಲ್ಲ. ಇಟಲಿಯ ಪಡುವಾ ವಿಶ್ವವಿದ್ಯಾಲಯದಲ್ಲಿ ವೈದ್ಯ ಪ್ರಾಧ್ಯಾಪಕನಾಗಿದ್ದ ಸ್ಯಾಂಟೋರಿಯೋ ತನ್ನ ಕುರ್ಚಿಯನ್ನೇ ದೊಡ್ಡ ತಕ್ಕಡಿಯ ಕೋಲಿಗೆ ತೂಗುಹಾಕಿಕೊಂಡಿದ್ದ. ಅದರಲ್ಲಿ ಕುಳಿತೇ ಊಟ. ಗೊತ್ತುಮಾಡಿದಷ್ಟು ತಿಂದಾಗ ಕುರ್ಚಿ ಕೆಳಗಿಳಿಯುತ್ತಿತ್ತು, ಅಲ್ಲಿಗೆ ನಿಲ್ಲಿಸಬೇಕು. ತಿಂದದ್ದು, ಕುಡಿದದ್ದು, ಹೊರಹೋದದ್ದು ಎಲ್ಲವನ್ನೂ ವರ್ಷಗಟ್ಟಲೆ ತೂಗಿ 1614ರಲ್ಲಿ ಪುಸ್ತಕ ಪ್ರಕಟಿಸಿದ. ದಿನಕ್ಕೆ ಎಂಟು ಪೌಂಡ್ ತಿಂದು ಕುಡಿದರೆ ಸುಮಾರು ಐದು ಪೌಂಡ್ ಕಣ್ಣಿಗೆ ಕಾಣದೆ ಮೈಯಿಂದ ಹೊರಟುಹೋಗುತ್ತದೆ ಎಂದು ಅವನ ಲೆಕ್ಕ. ಹಾಗೆ ಹೋಗುವುದರಲ್ಲಿ ಬಹುಪಾಲು ಬೆವರು ಮತ್ತು ಉಸಿರಿನ ನೀರು ಎಂದು ಇಂದು ನಮಗೆ ಗೊತ್ತು. ಅವನಿಗೆ ತೂಕ ಸಿಕ್ಕಿತು, ಬಿಸಿ ಸಿಗಲಿಲ್ಲ.

ಬಿಸಿಯನ್ನು ಹಿಡಿದವನು ಪ್ಯಾರಿಸಿನ ಲವಾಸಿಯೇ. 1783ರ ಹೊತ್ತಿಗೆ ಅವನೂ ಲಾಪ್ಲಾಸನೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಗಿನಿಯಿಲಿಯನ್ನು ಕೂರಿಸಿ, ಅದರ ಮೈಬಿಸಿಗೆ ಕರಗಿದ ನೀರನ್ನು ತೂಗಿದ್ದರು. ಪ್ರಾಣಿಯ ಉಸಿರಾಟವೂ ಒಂದು ದಹನ ಎಂಬ ಮಾತಿಗೆ ಅಲ್ಲಿ ಆಧಾರ ಸಿಕ್ಕಿತು. ಕೆಲವು ವರ್ಷ ಕಳೆದು, ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲೇ, ಸೆಗ್ವಾ ಎಂಬ ಜೊತೆಗಾರ ಮುಖವಾಡ ತೊಟ್ಟು ಉಸಿರಾಡಲು ಕುಳಿತ. ಆ ಪ್ರಯೋಗದ ಚಿತ್ರವನ್ನು ಬರೆದವಳು ಲವಾಸಿಯೇಯ ಹೆಂಡತಿ ಮರಿ ಆನ್. ಚಿತ್ರದ ಒಂದು ಬದಿಯಲ್ಲಿ ಮೇಜಿನ ಮುಂದೆ ಲೆಕ್ಕ ಬರೆದುಕೊಳ್ಳುತ್ತಾ ಕುಳಿತಿರುವವಳೂ ಅವಳೇ. ಸೆಗ್ವಾ ಹಸಿದಿದ್ದಾಗ ಎಷ್ಟು ಆಕ್ಸಿಜನ್ ಬಳಸುತ್ತಿದ್ದನೋ, ಉಂಡು ಸುಮ್ಮನೆ ಕುಳಿತಾಗ ಅದರ ಒಂದೂವರೆ ಪಟ್ಟಿನ ಹತ್ತಿರ ಬಳಸಿದ. ಊಟದ ಕೂಲಿಯನ್ನು ಮೊದಲು ಕಂಡದ್ದು ಅಲ್ಲಿ. ಮುಂದೆ ಹೋಗಲು ಕಾಲ ಬಿಡಲಿಲ್ಲ. 1794ರ ಮೇ ತಿಂಗಳಲ್ಲಿ ಲವಾಸಿಯೇಯ ತಲೆ ಹೋಯಿತು.

ನಮ್ಮಲ್ಲೂ ಈ ಯೋಚನೆ ಇತ್ತು, ಬೇರೆ ದಾರಿಯಲ್ಲಿ. ಚರಕನ ಕಾಲದಿಂದ ಆಹಾರವನ್ನು ಗುರು, ಲಘು ಎಂದು ವಿಂಗಡಿಸಿದ್ದಾರೆ. ಹೆಸರುಕಾಳು ಲಘು, ಉದ್ದು ಗುರು. ಜ್ವರ ಬಿಟ್ಟವರಿಗೆ ನನ್ನ ಅಜ್ಜಿ ಹೆಸರುಬೇಳೆ ಕಟ್ಟು ಕೊಡುತ್ತಿದ್ದಳೇ ಹೊರತು ಉದ್ದಿನ ವಡೆಯನ್ನಲ್ಲ. ಜಠರದಲ್ಲಿ ಒಂದು ಅಗ್ನಿ ಇದೆ, ಅದಕ್ಕೆ ತಾಳುವಷ್ಟೇ ಸೌದೆ ಹಾಕಬೇಕು ಎಂಬ ತಿಳುವಳಿಕೆ ಅದು. ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಕೂರುವುದು, ಕಡಮೆ ಹೊತ್ತು ಕೂರುವುದು ಎಂಬ ಆ ಭೇದ ರೋಗಿಯ ಪಕ್ಕದಲ್ಲಿ ಕುಳಿತವರಿಗೆ ಇಂದಿಗೂ ಬೇಕು. ಆದರೆ ತಡವಾಗಿ ಅರಗುವುದೆಲ್ಲ ದುಬಾರಿಯಾಗಿ ಅರಗುತ್ತದೆ ಎಂದಲ್ಲ. ಎಣ್ಣೆ, ತುಪ್ಪ ಹೊಟ್ಟೆಯಿಂದ ಕದಲಲು ಬಹಳ ಹೊತ್ತು ಬೇಕು, ಕೂಲಿಯೋ ಎಲ್ಲಕ್ಕಿಂತ ಕಡಮೆ. ನನ್ನ ತಂಗಿಯ ಮಗಳು ಕೇಳಿಬಂದ ಮಾತಿನಲ್ಲಿ ತಡ ಮತ್ತು ದುಬಾರಿ ಎರಡೂ ಒಂದರೊಳಗೊಂದು ಬೆರೆತುಹೋಗಿದ್ದವು.

ಅವನ್ನು ಬಿಡಿಸಿದ್ದು ಜರ್ಮನಿಯ ಪ್ರಯೋಗಶಾಲೆಗಳು. ಮ್ಯಾಕ್ಸ್ ರುಬ್ನರ್ ನಾಯಿಯನ್ನು ಬಿಸಿ ಅಳೆಯುವ ಪೆಟ್ಟಿಗೆಯಲ್ಲಿಟ್ಟು ಒಂದು ದಿನ ಮಾಂಸ, ಒಂದು ದಿನ ಕೊಬ್ಬು, ಒಂದು ದಿನ ಸಕ್ಕರೆ ಕೊಟ್ಟ. 1902ರಲ್ಲಿ ಹೊರಬಂದ ಅವನ ಪುಸ್ತಕದ ಲೆಕ್ಕದ ಪ್ರಕಾರ ಮಾಂಸದಿಂದ ನಾಯಿಯ ಉರಿ ಸುಮಾರು ಶೇಕಡ 31ರಷ್ಟು ಏರಿತು, ಕೊಬ್ಬಿನಿಂದ ಸುಮಾರು 13, ಸಕ್ಕರೆಯಿಂದ ಸುಮಾರು 6. ಮನುಷ್ಯರಲ್ಲಿ ಇಂದು ಒಪ್ಪಿರುವ ಕೂಲಿಯೂ ಇದೇ ದಿಕ್ಕಿನದು. ಪ್ರೋಟೀನು ಕೊಟ್ಟ ಶಕ್ತಿಯಲ್ಲಿ ಶೇಕಡ 20ರಿಂದ 30, ಪಿಷ್ಟದಲ್ಲಿ 5ರಿಂದ 10, ಕೊಬ್ಬಿನಲ್ಲಿ ಮೂರರೊಳಗೆ. ಎಲ್ಲ ಬೆರೆತ ನಮ್ಮ ಊಟದಲ್ಲಿ ಹತ್ತಕ್ಕೆ ಒಂದು.

ಈ ಬಿಸಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ದೊಡ್ಡ ಜಗಳವೇ ನಡೆಯಿತು. ಬರ್ಲಿನ್ನಿನ ನಾಥಾನ್ ತ್ಸುಂಟ್ಸ್ ಇದು ಕರುಳಿನ ಕೆಲಸ ಎಂದ. ಕರುಳು ಅರೆಯುತ್ತದೆ, ತಳ್ಳುತ್ತದೆ, ರಸ ಸುರಿಸುತ್ತದೆ, ಆ ದುಡಿಮೆಯ ಬಿಸಿ ಇದು ಎಂದು ಅವನ ವಾದ. ಅಲ್ಲ, ಆಹಾರ ರಕ್ತಕ್ಕೆ ಸೇರಿದ ಮೇಲೆ ಜೀವಕೋಶಗಳ ಒಳಗೆ ನಡೆಯುವ ರಸಾಯನದ ಬಿಸಿ ಎಂದು ರುಬ್ನರ್ ಕಡೆಯವರು. ಸೌತೆಕಾಯಿಯ ನಂಬಿಕೆ ನಿಂತಿರುವುದು ತ್ಸುಂಟ್ಸನ ವಾದದ ಮೇಲೆಯೇ. ನಾರು ಗಟ್ಟಿ, ಕರುಳಿಗೆ ಅದನ್ನು ಅರೆಯುವುದು ಕಷ್ಟ, ಆದ್ದರಿಂದ ಖರ್ಚು ಹೆಚ್ಚು. ಕೇಳಲು ಎಷ್ಟು ಸಮಂಜಸ!

ಅದನ್ನು ಪರೀಕ್ಷಿಸಿ ನೋಡಿದವನು ನಮ್ಮ ಯಂತ್ರದ ಮೇಲೆ ಹೆಸರಿದ್ದ ಫ್ರಾನ್ಸಿಸ್ ಬೆನೆಡಿಕ್ಟ್. ಅವನ ಕಥೆಗೆ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಮಿಡಲ್‌ಟೌನ್ ಎಂಬ ಊರಿಗೆ ಹೋಗಬೇಕು. ಅಲ್ಲಿನ ವೆಸ್ಲಿಯನ್ ವಿಶ್ವವಿದ್ಯಾಲಯದ ಜಡ್ ಹಾಲ್ ಎಂಬ ಕಟ್ಟಡದ ನೆಲಮಾಳಿಗೆಯಲ್ಲಿ ವಿಲ್ಬರ್ ಅಟ್‌ವಾಟರ್, ಭೌತವಿಜ್ಞಾನಿ ರೋಸಾನ ಜೊತೆ ಸೇರಿ, ಮನುಷ್ಯ ದಿನಗಟ್ಟಲೆ ವಾಸಿಸಬಲ್ಲ ಪೆಟ್ಟಿಗೆಯೊಂದನ್ನು ಕಟ್ಟಿದ್ದ. ಸುಮಾರು ಏಳಡಿ ಉದ್ದ, ನಾಲ್ಕಡಿ ಅಗಲ, ನಿಂತರೆ ತಲೆ ತಾಕದಷ್ಟು ಎತ್ತರ. ಒಳಗೋಡೆ ತಾಮ್ರದ್ದು, ಅದರ ಹೊರಗೆ ಸತು, ಅದರಾಚೆ ಮರದ ಹೊದಿಕೆಗಳು, ನಡುನಡುವೆ ಗಾಳಿಯ ಸಂದು. ಒಳಗೊಂದು ಮಡಿಸುವ ಮಂಚ, ಕುರ್ಚಿ, ಮೇಜು, ಹೊರಗಿನವರ ಜೊತೆ ಮಾತಾಡಲು ಟೆಲಿಫೋನು. ಊಟ ಹೋಗುವುದು ಎರಡು ಬಾಗಿಲಿನ ಕಿಂಡಿಯ ಮೂಲಕ. ಹೊರಗಿನ ಮುಚ್ಚಳ ಹಾಕಿದ ಮೇಲೆಯೇ ಒಳಗಿನದನ್ನು ತೆಗೆಯಬೇಕು, ಇಲ್ಲವಾದರೆ ಬಿಸಿ ಸೋರುತ್ತದೆ. ಕೊಳವೆಗಳಲ್ಲಿ ತಣ್ಣೀರು ಹರಿಯುತ್ತಾ ಮೈಬಿಸಿಯನ್ನು ಹೊತ್ತೊಯ್ಯುತ್ತಿತ್ತು. ಬರುವ ನೀರು ಎಷ್ಟು ತಣ್ಣಗಿತ್ತು, ಹೋಗುವ ನೀರು ಎಷ್ಟು ಬೆಚ್ಚಗಾಯಿತು ಎಂದು ಹಗಲುರಾತ್ರಿ ಸರದಿಯ ಮೇಲೆ ಓದಿ ಬರೆಯುತ್ತಿದ್ದರು. ಒಳಗಿದ್ದವನು ಕೆಲವು ದಿನ ಮಲಗಿ ಓದುತ್ತಿದ್ದ, ಕೆಲವು ದಿನ ನಿಂತಲ್ಲೇ ನಿಂತ ಸೈಕಲ್ ತುಳಿಯುತ್ತಿದ್ದ. ತಟ್ಟೆಯಲ್ಲಿ ಹೋದದ್ದನ್ನೂ ಮಲಮೂತ್ರವಾಗಿ ಬಂದದ್ದನ್ನೂ ಸುಟ್ಟು ಬಿಸಿ ಅಳೆಯುತ್ತಿದ್ದರು. 1890ರ ದಶಕದ ಕೊನೆಯಲ್ಲಿ ಶುರುವಾದ ಈ ಲೆಕ್ಕ ಎಷ್ಟು ಸರಿಯಾಗಿ ಕೂಡಿಬಂತೆಂದರೆ, ಆಹಾರ ಕೊಟ್ಟ ಶಕ್ತಿಗೂ ಮನುಷ್ಯ ಹೊರಹಾಕಿದ ಬಿಸಿಗೂ ಶೇಕಡ ಒಂದರಷ್ಟೂ ವ್ಯತ್ಯಾಸ ಉಳಿಯಲಿಲ್ಲ. ಇವತ್ತು ಬಿಸ್ಕತ್ತಿನ ಪೊಟ್ಟಣದ ಮೇಲೆ ಕಾಣುವ ಲೆಕ್ಕಕ್ಕೆ ಬೇರು ಅಟ್‌ವಾಟರ್ ಕಂಡುಹಿಡಿದ ಗುಣಾಂಕಗಳೇ: ಪಿಷ್ಟ, ಪ್ರೋಟೀನು ಗ್ರಾಮಿಗೆ 4, ಕೊಬ್ಬು 9. ಮಲಮೂತ್ರದಲ್ಲಿ ಕಳೆದುಹೋಗುವುದನ್ನು ಅದರಲ್ಲಿ ಮೊದಲೇ ಕಳೆದಿರುತ್ತಾರೆ. ಅರಗಿಸುವ ಕೂಲಿಯನ್ನು ಕಳೆದಿರುವುದಿಲ್ಲ. ಅದನ್ನು ನಾವೇ ಕಳೆದುಕೊಳ್ಳಬೇಕು.

ಆ ಪೆಟ್ಟಿಗೆಯ ಪಕ್ಕದಲ್ಲಿ ಕೆಲಸ ಕಲಿತ ಬೆನೆಡಿಕ್ಟ್ ಮುಂದೆ ಬಾಸ್ಟನ್ನಿನ ಕಾರ್ನೆಗಿ ಪೋಷಣಾ ಪ್ರಯೋಗಶಾಲೆಯ ನಿರ್ದೇಶಕನಾದ. 1912ರಲ್ಲಿ ಎಮ್ಸ್ ಎಂಬ ಸಹೋದ್ಯೋಗಿಯ ಜೊತೆ ತ್ಸುಂಟ್ಸನ ವಾದವನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದ. ಉರಿಯಲು ಏನೂ ಇಲ್ಲದ, ಆದರೆ ಕರುಳಿಗೆ ಕೈತುಂಬ ಕೆಲಸ ಕೊಡುವ ಪದಾರ್ಥ ತಿನ್ನಿಸಿದರೆ ಏನಾಗುತ್ತದೆ? ಭೇದಿಯ ಉಪ್ಪು ಕೊಟ್ಟ, ಕಡಲಪಾಚಿಯ ಅಗರ್ ಕೊಟ್ಟ. ಕರುಳು ದುಡಿಯಿತು. ಮೈಯ ಉರಿ ಮಾತ್ರ ಹೇಳಿಕೊಳ್ಳುವಂತೆ ಏರಲಿಲ್ಲ. ಈ ಪ್ರಯೋಗವನ್ನು ಮೊದಲ ಬಾರಿ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಅಷ್ಟು ನೇರ ಪ್ರಶ್ನೆ, ಅಷ್ಟು ನೇರ ಉತ್ತರ. ನಾರು ಅರೆಯುವುದು ಮೈಗೆ ದೊಡ್ಡ ಖರ್ಚಲ್ಲ. ಪ್ರೋಟೀನನ್ನು ಬಿಚ್ಚಿ ಕಟ್ಟುವುದು, ಬೇಡದ ಸಾರಜನಕವನ್ನು ಯೂರಿಯಾ ಮಾಡಿ ಕಳುಹಿಸುವುದು, ಸಕ್ಕರೆಯನ್ನು ಕೂಡಿಡುವುದು ಇವೇ ಖರ್ಚಿನ ಬಾಬುಗಳು. ಕೂಡಿಡಲು ಏನಾದರೂ ಬಂದರೆ ತಾನೆ ಕೂಡಿಡುವ ಕೂಲಿ? ಬರುವುದು ಕಡಮೆಯಾದಷ್ಟೂ ಕೂಲಿಯೂ ಕಡಮೆ.

ದಸರೆಯ ಊರಿನವಳಾದ್ದರಿಂದ ಬೆನೆಡಿಕ್ಟನ ಇನ್ನೊಂದು ಕೆಲಸ ನನಗೆ ಬಹಳ ಇಷ್ಟ. ಜಾಪ್ ಎಂಬ ಹೆಣ್ಣಾನೆಯ ಉಸಿರು, ಮೇವು, ಲದ್ದಿ ಎಲ್ಲವನ್ನೂ ಅಳೆದು 1936ರಲ್ಲಿ ಆನೆಯ ಶರೀರಕ್ರಿಯೆಯ ಮೇಲೆ ಒಂದು ಪುಸ್ತಕವನ್ನೇ ಬರೆದ. ತಿಂದ ಒಣಹುಲ್ಲಿನಲ್ಲಿ ಅದು ಅರಗಿಸಿಕೊಂಡದ್ದು ಸುಮಾರು ಶೇಕಡ 44. ಉಳಿದ ಅರ್ಧಕ್ಕೂ ಹೆಚ್ಚು ಹಾಗೆಯೇ ಹೊರಗೆ. ಹುಲ್ಲಿಗಿಂತ ನಾರಿನ ಊಟ ಯಾವುದಿದೆ? ಅದನ್ನೇ ತಿಂದು ಆನೆ ನಾಲ್ಕು ಸಾವಿರ ಕಿಲೋ ಮೈ ಬೆಳೆಸುತ್ತದೆ. ಹುಲ್ಲು ಕೊಡುವುದು ಕಡಮೆ, ಆದ್ದರಿಂದ ಆನೆ ದಿನದ ಬಹುಪಾಲು ಮೇಯುತ್ತಲೇ ಇರಬೇಕು. ಆದರೂ ಹುಲ್ಲು ಆನೆಯಿಂದ ಕಿತ್ತುಕೊಳ್ಳುವುದಿಲ್ಲ.

ಕಡಮೆ ಕೊಡುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. ನಮ್ಮ ಸೀಮೆಯ ನೆನಪಿನಲ್ಲಿ ಇದಕ್ಕೆ ಘೋರವಾದ ಸಾಕ್ಷಿ ಇದೆ. ಅಟ್‌ವಾಟರನ ಪೆಟ್ಟಿಗೆಗೆ ಇಪ್ಪತ್ತು ವರ್ಷ ಮುಂಚೆ, ಧಾತು–ಈಶ್ವರ ಸಂವತ್ಸರಗಳ ಬರ. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಕಳುಹಿಸಿದ ರಿಚರ್ಡ್ ಟೆಂಪಲ್, ಬರಪರಿಹಾರದ ಕಾಮಗಾರಿಗಳಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದಷ್ಟು ಕೂಲಿ, ಮೇಲೊಂದಿಷ್ಟು ಪುಡಿಗಾಸು ಸಾಕೆಂದು ಗೊತ್ತುಮಾಡಿದ. ಮದರಾಸಿನ ಆರೋಗ್ಯ ಕಮಿಷನರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ, ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರ ಎಂದ. ಆಗ ಅಂದಾಜಿನ ಮೇಲೆ ನಡೆದ ಆ ವಾದವನ್ನು ಇಂದು ಅಂಕಿಯಲ್ಲಿ ಬರೆಯಬಹುದು. ಒಂದು ಪೌಂಡ್ ಅಂದರೆ 454 ಗ್ರಾಂ, ಹೆಚ್ಚೆಂದರೆ 1,600 ಕಿಲೊಕ್ಯಾಲೊರಿ. ಹತ್ತರಲ್ಲೊಂದು ಭಾಗ ಅರಗಿಸುವ ಕೂಲಿ ಕಳೆಯಿರಿ. ಉಳಿದದ್ದು ಬಡಕಲು ಮೈಯ ಗಂಡಸೊಬ್ಬ ದಿನವಿಡೀ ಮಲಗಿಯೇ ಇದ್ದರೂ ಬೇಕಾಗುವಷ್ಟು. ಗುದ್ದಲಿ ಹಿಡಿದ ಪ್ರತಿ ಏಟಿನ ಶಕ್ತಿಯೂ ಅವನ ತೋಳು ತೊಡೆಗಳ ಮಾಂಸದಿಂದ ಬರಬೇಕಿತ್ತು, ಬಂತು. ಕೂಲಿಯನ್ನು ಆ ಬೇಸಗೆಯಲ್ಲಿ ಹೆಚ್ಚಿಸಿದರು. ಅಷ್ಟರಲ್ಲಿ ಎಷ್ಟೋ ಜನಕ್ಕೆ ತಡವಾಗಿತ್ತು. ಮದರಾಸಿನ ಬರಶಿಬಿರದಲ್ಲಿ ಶವಪರೀಕ್ಷೆಗಳನ್ನು ಮಾಡಿದ ವೈದ್ಯ ಅಲೆಕ್ಸಾಂಡರ್ ಪೋರ್ಟರ್ 1889ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಹಸಿದು ಸತ್ತವರ ಕರುಳಿನ ಗೋಡೆಗಳು ಸವೆದು ತೆಳುವಾಗಿದ್ದನ್ನು ದಾಖಲಿಸಿದ್ದಾನೆ. ಕೊನೆಗೆ ಅನ್ನ ಸಿಕ್ಕಾಗ ಅದನ್ನು ಹೀರಿಕೊಳ್ಳುವ ಕರುಳೇ ಇರಲಿಲ್ಲ.

ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿ ಎಣಿಸಿದ್ದು 50,55,412 ಜನ. 1881ರಲ್ಲಿ ಉಳಿದಿದ್ದವರು 41,86,188. ಸೊಪ್ಪುಸದೆ, ಗೆಡ್ಡೆಗೆಣಸು ಕಿತ್ತು ತಿಂದು ಜೀವ ಹಿಡಿದವರ ಮಾತುಗಳನ್ನು ನಮ್ಮಜ್ಜಿ ತನ್ನ ಅಜ್ಜಿಯಿಂದ ಕೇಳಿದ್ದಳು. ಆ ಸೊಪ್ಪು ಅವರನ್ನು ಕೊಲ್ಲಲಿಲ್ಲ. ಅದು ತನ್ನಲ್ಲಿದ್ದ ಇಷ್ಟೇ ಇಷ್ಟನ್ನು ಕೊಟ್ಟಿತು, ಅದು ಸಾಲಲಿಲ್ಲ. ನೂರು ಗ್ರಾಂ ಎಲೆಗೂ ನೂರು ಗ್ರಾಂ ಧಾನ್ಯಕ್ಕೂ ನಡುವೆ ಹತ್ತು ಪಟ್ಟಿನ ಅಂತರ ಇರುತ್ತದೆ.

ಬೆನೆಡಿಕ್ಟನ ಅಳತೆಗಳು ನಮ್ಮ ಕಡೆಗೂ ಬಂದವು. ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನ ಎಲೆನರ್ ಮೇಸನ್ ಅವನ ಜೊತೆಗೂಡಿ ದಕ್ಷಿಣ ಭಾರತದ ಹೆಣ್ಣುಮಕ್ಕಳನ್ನು ಹಸಿದ ಹೊಟ್ಟೆಯಲ್ಲಿ ಮಲಗಿಸಿ ಉಸಿರು ಅಳೆದಳು. 1931ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ, ಪಶ್ಚಿಮದವರ ಮಾನದಂಡಕ್ಕಿಂತ ನಮ್ಮವರ ಮೂಲ ಉರಿ ಸುಮಾರು ಶೇಕಡ 17 ಕಡಮೆ. ಅರ್ಧ ಶತಮಾನ ಕಳೆದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಶೆಟ್ಟಿ, ಸೋರೆಸ್, ಕುರ್ಪಾಡ್ ಮತ್ತಿತರರು ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡು, ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ಬದುಕಿದವರ ಮೈ ಎಷ್ಟು ಉರಿಸುತ್ತದೆ ಎಂದು ಅಳೆದರು. ಹೊರದೇಶದ ಸೂತ್ರ ಹಿಡಿದು ನಮ್ಮವರ ಅಗತ್ಯ ಲೆಕ್ಕ ಹಾಕಬಾರದು ಎನ್ನುವುದಕ್ಕೆ ನಮ್ಮದೇ ನಾಡಿನ ಅಂಕಿ ಸಿಕ್ಕಿತು. ನಮ್ಮ ಹಳೆಯ ಯಂತ್ರದ ಮುಂದೆ ನಿಂತು ಪಾಠ ಹೇಳುವಾಗ ಅಂಥ ಕೆಲಸ ಪಕ್ಕದ ಊರಲ್ಲೇ ನಡೆಯುತ್ತಿದೆ ಎಂಬುದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಸೆಲರಿ ದಂಟನ್ನೇ ಹಿಡಿದು ಕೂಲಿ ಅಳೆದವರೂ ಇದ್ದಾರೆ. 2019ರಲ್ಲಿ ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದವರು ಅದನ್ನು ಮಾಡಿದರು, ಮನುಷ್ಯರ ಮೇಲಲ್ಲ, ಗಡ್ಡದ ಓತಿ ಎಂದು ಕರೆಯುವ ಆಸ್ಟ್ರೇಲಿಯದ ಹಲ್ಲಿಜಾತಿಯ ಮೇಲೆ. ಸೆಲರಿ ಕೊಟ್ಟ ಶಕ್ತಿಯಲ್ಲಿ ಶೇಕಡ 29 ಮಲದಲ್ಲಿ ಹೋಯಿತು, 14 ಮೂತ್ರದ ಉಪ್ಪಿನಲ್ಲಿ, 33 ಅರಗಿಸುವ ಕೂಲಿಗೆ. ಎಲ್ಲ ಕಳೆದು ಓತಿಯ ಪಾಲಿಗೆ 24 ಉಳಿಯಿತು. ಕಾಲು ಭಾಗಕ್ಕೂ ಕಡಮೆ, ಆದರೆ ಸೊನ್ನೆಯಲ್ಲ, ಸೊನ್ನೆಯ ಕೆಳಗಂತೂ ಅಲ್ಲ. ಕೊಡುವುದಕ್ಕಿಂತ ಹೆಚ್ಚು ಕೇಳುವ ಪದಾರ್ಥ ಬೇಕೇಬೇಕು ಎಂದರೆ ನನಗೆ ತೋರುವುದು ಐಸ್‌ನೀರು ಒಂದೇ. ಒಂದು ಲೀಟರನ್ನು ಸೊನ್ನೆ ಡಿಗ್ರಿಯಿಂದ ಮೈಬಿಸಿಯವರೆಗೆ ಕಾಯಿಸಲು 37 ಕಿಲೊಕ್ಯಾಲೊರಿ ಬೇಕು, ಅರ್ಧ ಬಾಳೆಹಣ್ಣಿನಷ್ಟು. ಅದು ಆಹಾರವೂ ಅಲ್ಲ.

ತಂಗಿಯ ಮಗಳ ಜೊತೆ ಕುಳಿತು ಅವಳ ಸೌತೆಕಾಯಿಯ ಲೆಕ್ಕ ಬರೆದೆ. ಒಂದು ಕಾಯಿ 200 ಗ್ರಾಂ, ಮೂವತ್ತು ಕಿಲೊಕ್ಯಾಲೊರಿ. ಅರಗಿಸಲು ಮೂರು. ಅಗಿಯುವುದಕ್ಕೆ? ಗಂಟೆಯಿಡೀ ಚ್ಯೂಯಿಂಗ್ ಗಮ್ ಅಗಿದರೆ ಹನ್ನೊಂದು ಖರ್ಚಾಗುತ್ತದೆ ಎಂದು 1999ರಲ್ಲಿ ಅಳೆದಿದ್ದಾರೆ. ಕಾಯಿಯನ್ನು ಹತ್ತು ನಿಮಿಷ ಅಗಿದರೆ ಎರಡು ಹಿಡಿಯೋಣ. ಉಳಿದದ್ದು ಇಪ್ಪತ್ತೈದು. ದಿನಕ್ಕೆ ಒಂದೂವರೆ ಕಿಲೋ ತಿಂದರೂ ಇನ್ನೂರು ದಾಟುವುದಿಲ್ಲ. ಸುಮ್ಮನೆ ಮಲಗಿರಲು ಅವಳಿಗೆ ಬೇಕಾದದ್ದು ಸಾವಿರಕ್ಕೂ ಮೇಲೆ. ಮೂರು ವಾರ ಆ ಕೊರತೆಯನ್ನು ತುಂಬಿದ್ದು ಅವಳ ಮೈಯೇ, ಕೊಬ್ಬಿನ ಜೊತೆ ಮಾಂಸವನ್ನೂ ಸುಟ್ಟು.

ಆಮೇಲೆ ಹಳೆಯ ಕಾಗದ ಬಿಚ್ಚಿ ತೋರಿಸಿದೆ. ಅಂಚು ಹಳದಿಯಾಗಿದೆ, ನೀಲಿ ಶಾಯಿ ಇನ್ನೂ ಮಾಸಿಲ್ಲ. ಒಂದೇ ಮೂಲೆಯಿಂದ ಹೊರಟ ಎರಡು ಗೆರೆ, ಒಂದು ಹಸಿದ ಹುಡುಗನದು, ಒಂದು ಉಂಡ ಹುಡುಗನದು. ನಡುವಿನ ಜಾಗದಲ್ಲಿ ಅವಳು ಬೆರಳಿಟ್ಟು ಅಳೆದಳು. ಕೊನೆಯಲ್ಲೂ ಕಿರುಬೆರಳಿನಷ್ಟು ಅಗಲವಿಲ್ಲ.

‘ಇಷ್ಟೇನಾ ದೊಡ್ಡಮ್ಮ?’

ಇಷ್ಟೇ, ಅಂದೆ.